ಅವ್ವನ ಬಿಳಿ ರಕ್ತಕಣ

ಸತ್ತವರ ಬಿಳಿ ರಕ್ತಕಣಗಳು ರೋಗದಿಂದ ಕಾಯಲೆಂದು ಅವನ್ನು ಮಕ್ಕಳಿಗೆ ಹಾಕಿಸುವುದು ಆಗ ರಾಯಚೂರಿನಲ್ಲೂ ರೂಢಿಯಾಗಿತ್ತು. ಹುಲಿಗೆಮ್ಮನ ಮೈಯಲ್ಲಿ ಅವಳ ಅವ್ವನ ಕಣಗಳಿದ್ದವು. ಅವ್ವ ಹತ್ತಿ ಮಿಲ್ಲಿನ ಧೂಳಿಗೆ ಉಬ್ಬಸ ಬಂದು ತೀರಿಕೊಂಡಿದ್ದಳು. ಈಗ ಅದೇ ಮಿಲ್ಲಿನಲ್ಲಿ ದುಡಿಯುವ ಮಗಳ ಎದೆಯೂ ಬಿಗಿಯತೊಡಗಿತ್ತು.

"ಆ ಕಣಗಳಿಗೆ ಹತ್ತಿ ಧೂಳು ಇನ್ನೂ ನೆನಪೈತಿ," ಎಂದರು ಡಾಕ್ಟರ್ ನುಸ್ರತ್. "ಧೂಳು ಒಳಗ ಬಂದ ಕೂಡಲೇ ಉರಿಯೂತದ ರಾಸಾಯನಿಕ ಸುರೀತಾವ. ಉಸಿರಿನ ನಾಳ ಬಾತಕೊಂತಾವ. ಆ ಕಣ ತೆಗಿಸಿಬಿಡವ್ವಾ."

"ಯಾಕ ಸುರೀತಾವ್ರೀ?"

"ನಿನ್ನ ಕಾಯಾಕಂತ."

ಹುಲಿಗೆಮ್ಮ ಎದ್ದು ಹೋದಳು. ಮೂರು ದಿನ ಉಬ್ಬಸ ಸಹಿಸಿ, ನಾಲ್ಕನೆಯ ದಿನ ಬಂದು ಕಣ ತೆಗೆಯುವ ಸೂಜಿಗೆ ಕೈ ಚಾಚಿದಳು.

ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟು ಅತ್ತರೂ ಉಸಿರು ಕಟ್ಟಲಿಲ್ಲ.