ಕುಂಕುಮ ಹಚ್ಚಿದ ಪೆನ್ಸಿಲ್

ಈಗಲೂ ಮಗಳ ಪೆನ್ಸಿಲ್ ಕೆತ್ತುವಾಗ ಏಳುವ ಮರದ ವಾಸನೆಗೆ ನಂಜನಗೂಡಿನ ದೊಡ್ಡಪ್ಪನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮಾರನೇ ದಿನ ಸಿಇಟಿ. ಕವಲಂದೆಯಿಂದ ಬೆಳಿಗ್ಗೆ ಬಸ್ಸು ತಪ್ಪಿದರೆ ಕಷ್ಟವೆಂದು ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಹೋಗಿದ್ದರು. ದೊಡ್ಡಪ್ಪನ ಮಗಳು ಲತಾ ಮೈಸೂರಿಗೆ ಕೋಚಿಂಗಿಗೆ ಹೋಗಿ ಬಂದವಳು. ನಾನು ಅವಳ ಹಳೇ ಗೈಡಿನ ಟಿಕ್ ಗುರುತುಗಳನ್ನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಓದಿದವಳು.

ದೊಡ್ಡಪ್ಪ ಪರೀಕ್ಷೆಯಲ್ಲಿ ಉತ್ತರ ಗುರುತಿಸಲೆಂದು ಇಬ್ಬರಿಗೂ ಒಂದೇ ಥರದ ಪೆನ್ಸಿಲ್ ತಂದು ಬ್ಲೇಡಿನಲ್ಲಿ ಕೆತ್ತಿಟ್ಟಿದ್ದರು. ದೊಡ್ಡಮ್ಮ ಮಾತ್ರ ಲತಾಳದೊಂದನ್ನೇ ದೇವಸ್ಥಾನಕ್ಕೆ ಒಯ್ದು, ಕುಂಕುಮ ಹಚ್ಚಿಸಿ ತಂದು ದೇವರ ಮನೆಯಲ್ಲಿಟ್ಟರು. ನೋಡೋಣವೆಂದು ಕೈ ಚಾಚಿದೆ.

"ಅದನ್ನ ಮುಟ್ಬೇಡ ಕಣೇ, ಲತಂಗೆ ಅಂತ ಪೂಜೆ ಮಾಡ್ಸಿರೋದು. ನಿಂದು ಅಲ್ಲೇ ಇದ್ಯಲ್ಲ."

ಒಂದೇ ಅಂಗಡಿಯ ಪೆನ್ಸಿಲ್ಲಿನಲ್ಲೂ ಅವಳದೇ ಮೇಲು!

ಊಟ ಮುಗಿಸಿ ಎಲ್ಲರೂ ಮಲಗಿದ ಮೇಲೆ ದೇವರ ಮನೆಗೆ ಹೋದೆ. ಅವಳ ಪೆನ್ಸಿಲ್ಲನ್ನು ಲಂಗಕ್ಕೆ ಒರೆಸಿ ನನ್ನ ಡಬ್ಬಿಗೆ ಹಾಕಿಕೊಂಡೆ. ಬಟ್ಟಲಿನ ಕುಂಕುಮವನ್ನು ನನ್ನದಕ್ಕೆ ಹಚ್ಚಿ ಅದೇ ಜಾಗದಲ್ಲಿಟ್ಟೆ.

ಲತಾ ನಿದ್ದೆಯಿಂದ ಎದ್ದವಳೇ ಆ ಕುಂಕುಮದ ಪೆನ್ಸಿಲ್ಲನ್ನು ತಂದು ನನ್ನ ಕೈಗಿಟ್ಟಳು.

"ಇದು ನಿಂಗಿರ್ಲಿ ಕಣೇ. ನಂಗೆ ಕೋಚಿಂಗ್ ಆಗಿದ್ಯಲ್ಲ, ಯಾವ್ದಾದ್ರೂ ನಡೆಯುತ್ತೆ. ಅಮ್ಮಂಗೆ ಹೇಳ್ಬೇಡ."

ನನ್ನ ಡಬ್ಬಿ ತೆರೆದು, ಒಳಗಿದ್ದುದನ್ನು ತಾನು ತೆಗೆದುಕೊಂಡಳು.

ನಾನೇ ಹಚ್ಚಿದ್ದ ಕುಂಕುಮ ನನ್ನ ಬೆರಳಿಗೇ ಅಂಟಿತ್ತು.