ಮಾಮಿ ಓದಿದ ಸುದ್ದಿ

"ಓದಿ ಮಾಮಿ, ನೋಡುವ" ಎಂದು ಸಂಚಿತಾ ಮೊಬೈಲಿನಲ್ಲಿ ಪತ್ರಿಕೆಯೊಂದರ ವೆಬ್‌ಸೈಟ್ ತೆರೆದು, ಅಕ್ಷರ ದೊಡ್ಡದು ಮಾಡಿ ಅತ್ತೆಯ ಕೈಗೆ ಕೊಟ್ಟಳು. ಅಷ್ಟರಲ್ಲಿ ಮಡಿಲಲ್ಲಿದ್ದ ಮಗು ರಾಗ ತೆಗೆಯಿತು. ಅವಳು ಅದನ್ನು ಸಮಾಧಾನ ಮಾಡತೊಡಗಿದಳು.

ಅತ್ತಾವರದ ಕಣ್ಣಿನ ಆಸ್ಪತ್ರೆ. ಅತ್ತೆ ನಳಿನಾಕ್ಷಿಯ ಕಣ್ಣಿನ ಪೊರೆ ತೆಗೆದು ತಿಂಗಳಾಗಿತ್ತು. ಇಂದು ಡಾಕ್ಟರು ನೋಡಬೇಕಿತ್ತು. ಕಣ್ಣು ಮಂಜಾಗಿದ್ದಾಗ ಒಮ್ಮೆ, ಮೀಯಿಸುವಾಗ ಮೊಮ್ಮಗುವಿನ ಕಣ್ಣಿಗೆ ಸೋಪು ಹೋಗಿತ್ತು. ಅಂದಿನಿಂದ ಆ ಕೆಲಸಕ್ಕೆ ನೆರೆಮನೆಯ ಹೆಂಗಸು ಬರುತ್ತಿದ್ದಳು. ತಮ್ಮೂರು ಬೆಂಗ್ರೆಯ ಅರ್ಧ ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದ್ದ ನಳಿನಾಕ್ಷಿ, ಪಾಪ, ತನ್ನದೇ ಮನೆಯ ಬಚ್ಚಲಿನ ಬಾಗಿಲಲ್ಲಿ ಟವೆಲ್ ಹಿಡಿದು ನಿಲ್ಲುತ್ತಿದ್ದರು. ಕಣ್ಣು ಸರಿಯಾದ ಮೇಲೆ ನೀವೇ ಮೀಯಿಸಿ ಎಂದು ಸಂಚಿತಾ ಮಾತು ಕೊಟ್ಟಿದ್ದಳು.

ನಳಿನಾಕ್ಷಿ ಮೊಬೈಲನ್ನು ದೂರ ಹಿಡಿದರು, ಹತ್ತಿರ ತಂದರು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದರು: "ಈ ಸಲ ಕಡಲಲ್ಲಿ ಭರಪೂರ ಬಂಗುಡೆ. ಮೀನುಗಾರರ ಮುಖದಲ್ಲಿ ನಗು."

"ಅಬ್ಬ, ಫಸ್ಟ್ ಕ್ಲಾಸ್ ಕಾಣ್ತದಲ್ಲ! ಎಲ್ಲಿ ಉಂಟು ಬಂಗುಡೆ?" ಸಂಚಿತಾ ಖುಷಿಯಿಂದ ಬಗ್ಗಿ ನೋಡಿದಳು.

ತೆರೆದಾಗ ನೆಟ್ಟಗಿದ್ದ ಪುಟ, ಪೂರ್ತಿ ಲೋಡ್ ಆಗುವಷ್ಟರಲ್ಲಿ ಕೆಟ್ಟು ಹೋಗಿತ್ತು. ಒತ್ತಕ್ಷರಗಳು ಬಿಡಿಬಿಡಿ. ಕೊಂಬುಗಳು ಚುಕ್ಕಿಯ ಉಂಗುರಗಳಿಗೆ ಜೋತುಬಿದ್ದಿದ್ದವು. ಮಿಕ್ಕಿದ್ದೆಲ್ಲ ಖಾಲಿ ಚೌಕ. ಸಾಕ್ಷಾತ್ ಸರಸ್ವತಿಯೇ ಬಂದರೂ ಅದರಲ್ಲಿ ಒಂದು ಬಂಗುಡೆ ಹುಡುಕುವಂತಿರಲಿಲ್ಲ.

"ಮಾಮಿ, ನಿಜ ಹೇಳಿ. ನಿಮಗೆ ಎಂತ ಕಾಣ್ತದೆ?"

ನಳಿನಾಕ್ಷಿ ತಲೆ ತಗ್ಗಿಸಿದರು. "ಎಂತ ಹೇಳುದು ಮಾರಾಯ್ತಿ... ಅಕ್ಷರ ಎಲ್ಲ ಚೂರು ಚೂರು. ನಡುವಲ್ಲಿ ಉಂಗುರ, ಡಬ್ಬಿ ಡಬ್ಬಿ. ಆಪರೇಷನ್ ಹಾಳಾಯ್ತು ಅಂತ ಕಾಣ್ತದೆ."

ಸಂಚಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನನಗೂ ಹಾಗೆಯೇ ಕಾಣ್ತದೆ ಮಾಮಿ! ಈ ಸೈಟಿನ ಫಾಂಟೇ ಸರಿ ಇಲ್ಲ. ನಿಮ್ಮ ಕಣ್ಣಿಗೆ ಎಂತದೂ ಆಗ್ಲಿಲ್ಲ. ಇನ್ನು ಇವನನ್ನು ನೀವೇ ಮೀಯಿಸಿ." ಹಾಗೆಂದು ಮಗುವನ್ನು ಅತ್ತೆಯತ್ತ ಚಾಚಿದಳು.

ನಳಿನಾಕ್ಷಿಯ ಕೈಗಳು ಆಸೆಯಿಂದ ಮುಂದೆ ಬಂದು, ಅರ್ಧದಲ್ಲೇ ನಿಂತವು.

"ಕಣ್ಣು ಕಾಣುದಿಲ್ಲ ಅಂತ ಗೊತ್ತಿದ್ದೂ ಸುಳ್ಳು ಸುದ್ದಿ ಓದಿ ಇವನನ್ನು ಮೀಯಿಸ್ಲಿಕ್ಕೆ ಹೊರಟಿದ್ದೆ ನಾನು. ಆದ್ರೂ ಕೊಡ್ತೀಯಾ?"