ಇಪ್ಪತ್ತೊಂದರ ಮನೆ

ಹೆಮ್ಮಕ್ಕ ಗಂಜಿಯ ಬಟ್ಟಲನ್ನು ಹಿಂಗೈಯಿಂದ ಆಚೆ ನೂಕಿದಳು. "ಹಸುವಿಗೆ ಹಾಕು, ಹಾಲಾದ್ರೂ ಕೊಡುತ್ತೆ. ಸಾಯೋಳಿಗೆ ಸುರಿದು ಯಾಕೆ ದಂಡ ಮಾಡ್ತೀರಿ?"

"ಯಾರು ಸಾಯೋಳು?" ಅಡುಗೆಮನೆಯ ಓಡಾ ರೇಗಿದಳು. "ನಿನ್ನೆಯೇ ಜ್ವರ ಬಿಟ್ಟಿದೆ. ನಿನ್ನ ಮೈ ನನ್ನ ಮೈಗಿಂತ ತಣ್ಣಗಿದೆ."

"ಜ್ವರಕ್ಕೇನು ಗೊತ್ತು? ಲೆಕ್ಕ ಬಂದಾಗಿದೆ."

ಓಡಾ ಬಟ್ಟಲನ್ನು ಪಕ್ಕದಲ್ಲಿ ನಿಂತಿದ್ದ ಐಲಿಕಾಳ ಕೈಗೆ ತುರುಕಿದಳು. "ನಿಮ್ಮ ಪುಸ್ತಕದೋರ ಹುಚ್ಚು, ನೀವೇ ಬಿಡಿಸ್ಕೊಳ್ಳಿ ತಾಯಿ. ಊಟ ಬಿಟ್ಟೋರು ಜ್ವರ ಹೋದ್ರೂ ಉಳಿಯಲ್ಲ, ಅಷ್ಟು ನಂಗೊತ್ತು" ಎಂದು ಗೊಣಗುತ್ತ ಹೋದಳು.

ಲೆಕ್ಕ ಇಷ್ಟೇ. ಕ್ರೈಸ್ತ ಸನ್ಯಾಸಿನಿಯರ ಆ ಮಠದ ಪಂಚಾಂಗದ ಪುಸ್ತಕದಲ್ಲಿ, ಗ್ರಹಗಳು ಸುತ್ತುವ ಚಿತ್ರದ ಹಿಂಬದಿಗೆ, ಒಂದು ಚಕ್ರ ಬರೆದಿತ್ತು. ಕಾಯಿಲೆ ಬಿದ್ದವರ ಹೆಸರಿನ ಅಕ್ಷರಗಳ ಬೆಲೆಗೆ, ಮಲಗಿದ ದಿನ ಅಮಾವಾಸ್ಯೆ ಕಳೆದು ಎಷ್ಟು ದಿನವಾಗಿತ್ತೋ ಅಷ್ಟನ್ನು ಕೂಡಿಸಬೇಕು. ಮೂವತ್ತು ಮೂವತ್ತಾಗಿ ಕಳೆಯುತ್ತ ಬಂದು, ಉಳಿದದ್ದು ಚಕ್ರದಲ್ಲಿ ಯಾವ ಮನೆಯಲ್ಲಿದೆ ಎಂದು ನೋಡಬೇಕು. ಮೇಲಿನ ಅರ್ಧದಲ್ಲಿದ್ದರೆ ಬದುಕು, ಕೆಳಗಿನ ಅರ್ಧದಲ್ಲಿದ್ದರೆ ಸಾವು. ಹಾಸಿಗೆ ಹಿಡಿದ ದಿನವೇ ಹೆಮ್ಮಕ್ಕ ಎಣಿಸಿ ಮುಗಿಸಿದ್ದಳು. ಇಪ್ಪತ್ತೊಂದು ಉಳಿಯಿತು. ಇಪ್ಪತ್ತೊಂದರ ಮನೆ ಕೆಳಗಿತ್ತು. ವೇಸರ್ ನದಿಯ ಈ ದಂಡೆಯ ಊರುಗಳಿಗೆಲ್ಲ ಈಸ್ಟರ್ ಹಬ್ಬ ಯಾವತ್ತು ಬರುತ್ತದೆಂದು ಹೇಳುತ್ತಿದ್ದವಳು ಅವಳೇ. ಒಂದು ವರ್ಷವೂ ತಪ್ಪಿದವಳಲ್ಲ. ಈಗ ತನ್ನ ಲೆಕ್ಕವನ್ನೇ ನಂಬದಿರು ಎಂದರೆ ಹೇಗೆ?

ಐಲಿಕಾ ಹಾಸಿಗೆಯ ಅಂಚಿಗೆ ಕುಳಿತಳು. "ಅಕ್ಕಾ, ಆ ಪುಸ್ತಕ ಬರೆದೋರೂ ಮನುಷ್ಯರೇ ತಾನೆ? ನೋಡ್ಕೊಂಡು ಬರೆಯುವಾಗ ಎರಡು ಮನೆ ಅದಲುಬದಲಾಗಿದ್ರೆ?"

"ನೀನು ಇಷ್ಟು ವರ್ಷ ಬರೆದಿದೀಯಲ್ಲ, ಎಂದಾದ್ರೂ ಅದಲುಬದಲು ಮಾಡಿದೀಯಾ?"

"ಇಲ್ಲ."

"ಮತ್ತೆ? ಸುಮ್ನಿರು."

ಐಲಿಕಾಳಿಗೆ ಏನೋ ಹೊಳೆಯಿತು. "ನದಿಯಾಚೆ ಮಠದೋರು ನಕಲು ಮಾಡ್ಕೊಳ್ಳೋಕೆ ಒಂದು ಪುಸ್ತಕ ಕಳಿಸಿದಾರಲ್ಲ, ಅದರಲ್ಲೂ ಈ ಚಕ್ರ ಇದೆಯಂತೆ."

ಹೆಮ್ಮಕ್ಕ ಕಣ್ಣು ತೆರೆದಳು. "ಅದು ನಮ್ಮದಕ್ಕಿಂತ ಹಳೇದು. ಅದರಲ್ಲೇನಾದ್ರೂ ಮೇಲಿದ್ರೆ, ನಮ್ಮದೇ ತಪ್ಪು ಅಂತ ಒಪ್ಕೋಬೇಕಾಗುತ್ತೆ. ತಗೊಂಡ್ಬಾ ಹೋಗು."

ಬರೆಯುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಐಲಿಕಾ ನಿಂತಲ್ಲೇ ಪುಸ್ತಕ ಬಿಡಿಸಿದಳು. ಅದರಲ್ಲೂ ಇಪ್ಪತ್ತೊಂದು ಕೆಳಗೇ ಇತ್ತು.

ಅವಳು ಪೀಠದ ಮೇಲೆ ಕುಳಿತಳು. ಒಂಬತ್ತು ವರ್ಷದ ಹುಡುಗಿಯಾಗಿ ಈ ಮಠಕ್ಕೆ ಬಂದಾಗ, ಚಳಿಗೆ ಸೆಟೆದ ಅವಳ ಬೆರಳುಗಳನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ, ಬರೆಯುವ ಗರಿ ಹಿಡಿಸಿದವಳು ಹೆಮ್ಮಕ್ಕ. ಆಮೇಲೆ ಆ ಬೆರಳುಗಳು ಒಂದು ಅಕ್ಷರ ಹೆಚ್ಚು ಬರೆದರೂ ಅವಳು ಮಠದ ಅಮ್ಮನ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಳ್ಳುತ್ತಿದ್ದಳು. ಇದೋ ಇನ್ನೊಂದು ಮಠದ ಸೊತ್ತು. ಉಗುರೂ ತಾಗಬಾರದೆಂದು ಹೇಳಿ ಕಳಿಸಿದ್ದರು.

ಚಕ್ರದ ಮೇಲಿನ ಅರ್ಧದಲ್ಲಿ ಇಪ್ಪತ್ತರ ಮನೆಯಿತ್ತು. ಅವರ ರೋಮನ್ ಅಂಕಿಯಲ್ಲಿ ಇಪ್ಪತ್ತಕ್ಕೂ ಇಪ್ಪತ್ತೊಂದಕ್ಕೂ ಒಂದೇ ಒಂದು ಗೀಟಿನ ವ್ಯತ್ಯಾಸ. ಐಲಿಕಾ ಚೂರಿ ತೆಗೆದು ಕೆಳಗಿನ ಇಪ್ಪತ್ತೊಂದರ ಕೊನೆಯ ಗೀಟನ್ನು ಮೆಲ್ಲಗೆ ಕೆರೆದಳು. ಚರ್ಮದ ಹಾಳೆಯಲ್ಲಿ ಎದ್ದ ಜುಂಗನ್ನು, ನಯ ಮಾಡಲು ಇಟ್ಟುಕೊಂಡಿದ್ದ ಹಂದಿಹಲ್ಲಿನಿಂದ ಉಜ್ಜಿ ಕೂರಿಸಿದಳು. ಗರಿಯನ್ನು ಮಸಿಗೆ ಅದ್ದಿ, ಮೇಲಿನ ಇಪ್ಪತ್ತರ ಪಕ್ಕದಲ್ಲಿ ಒಂದು ಗೀಟು ಎಳೆದಳು. ಪುಸ್ತಕ ಮುಚ್ಚದೆ, ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿದು, ದಾರಿಯುದ್ದಕ್ಕೂ ಊದುತ್ತ ಬಂದಳು.

ಹೆಮ್ಮಕ್ಕ ದಿಂಬಿಗೆ ಒರಗಿ, ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳು ಮನೆಯಿಂದ ಮನೆಗೆ ದಾಟುತ್ತ ಹೋಯಿತು.

"ಹೌದಲ್ಲೇ! ಇಪ್ಪತ್ತೊಂದು ಮೇಲಿದೆ."

"ನಾನು ಹೇಳಲಿಲ್ವಾ?"

"ಇಪ್ಪತ್ತು ಕೆಳಕ್ಕೆ ಬಂದಿದೆ. ಪಾಪ, ಇಪ್ಪತ್ತು ಬಂದೋರ ಗತಿ ಏನೇ?"

"ಅವರು ಅವರವರ ಗಂಜಿ ಕುಡೀಲಿ. ನೀನು ನಿನ್ನದು ಕುಡಿ."

ಹೆಮ್ಮಕ್ಕನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ಹೆಬ್ಬೆರಳನ್ನು ಪುಸ್ತಕದ ಮೇಲೆಯೇ ಊರಿದ್ದಳು. ಎತ್ತಿದಾಗ ಬೆರಳ ತುದಿಯಲ್ಲಿ ಕಪ್ಪಗೆ, ಹಸಿಹಸಿಯಾಗಿ ಒಂದು ಗೀಟು ಮೂಡಿತ್ತು.

ಐಲಿಕಾ ನೋಡಿದಳು. ಹೆಮ್ಮಕ್ಕನೂ ನೋಡಿದಳು.

"ಬಹಳ ಹಳೇ ಪುಸ್ತಕ, ಅಲ್ವೇನೆ?" ಎಂದಳು ಹೆಮ್ಮಕ್ಕ.

"ಹೂಂ, ಅಕ್ಕಾ." ಐಲಿಕಾ ಗಂಜಿಯ ಬಟ್ಟಲನ್ನು ಕೈಗೆತ್ತಿಕೊಂಡಳು.

ಹೆಮ್ಮಕ್ಕ ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದಳು. ಮುಷ್ಟಿಯನ್ನು ಕಂಬಳಿಯೊಳಗೆ ಬಚ್ಚಿಟ್ಟಳು. ಆಮೇಲೆ ಮಗುವಿನ ಹಾಗೆ ಬಾಯಿ ತೆರೆದಳು.